ಧರ್ಮಸಭೆಯ ನಾಳೆ: ನಾವು ಕೇಳಿಬಂದ ಮಾತು

(ಶತಮಾನೋತ್ಸವದ ಸಭೆಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣದ ಲಿಖಿತ ರೂಪ)



ನಮ್ಮ ದೇವಾಲಯವು ನೂರು ವರ್ಷಗಳನ್ನು ಪೂರೈಸಿರುವ ಈ ಸುಸಂದರ್ಭದಲ್ಲಿ ಪೂರ್ವಿಕರ ವಿಶ್ವಾಸವನ್ನು ಸ್ಮರಿಸಿ ದೇವರಿಗೆ ಕೃತಜ್ಞತೆ ಸಲ್ಲಿಸುವುದು ನಮ್ಮ ಮೊದಲ ಕರ್ತವ್ಯ. ಆ ಕರ್ತವ್ಯವನ್ನು ನಮಗಿಂತ ಮೊದಲು ಮಾತನಾಡಿದವರು ಸೊಗಸಾಗಿ ನೆರವೇರಿಸಿದ್ದಾರೆ. ಉತ್ಸವ ಸಮಿತಿಯವರು ನಮಗೆ ಒಪ್ಪಿಸಿರುವ ವಿಷಯ ಬೇರೆ. ಧರ್ಮಸಭೆಯ ಭವಿಷ್ಯವನ್ನು ಕುರಿತು ನಡೆದ ಸಮಾಲೋಚನೆಯಲ್ಲಿ ನಾವು ಕೇಳಿದ್ದೇನು, ಬ್ಲಫ್‌ನ ಈ ಪುಟ್ಟ ಧರ್ಮಕೇಂದ್ರಕ್ಕೆ ಅದರಿಂದ ಆಗಬೇಕಾದದ್ದೇನು ಎಂಬುದನ್ನು ತಿಳಿಸಬೇಕೆಂದು ಅವರ ಅಪೇಕ್ಷೆ.

2021ರ ಅಕ್ಟೋಬರ್ ತಿಂಗಳಲ್ಲಿ ಪೋಪ್ ಫ್ರಾನ್ಸಿಸ್‌ರವರು ರೋಮಿನಲ್ಲಿ ಸಿನೊಡ್ ಒಂದನ್ನು ಆರಂಭಿಸಿದರು. ಅನ್ಯೋನ್ಯತೆ, ಸಹಭಾಗಿತ್ವ, ಪ್ರೇಷಿತಕಾರ್ಯ ಎಂಬ ಮೂರು ಮಾತುಗಳು ಅದರ ಧ್ಯೇಯವಾಗಿದ್ದವು. ಹಿಂದಿನ ಸಿನೊಡ್‌ಗಳಿಗೂ ಇದಕ್ಕೂ ಒಂದು ಮುಖ್ಯ ವ್ಯತ್ಯಾಸವಿತ್ತು. ಧರ್ಮಾಧ್ಯಕ್ಷರು ರೋಮಿನಲ್ಲಿ ಸೇರುವುದಕ್ಕೆ ಮುಂಚೆಯೇ ಜಗತ್ತಿನ ಎಲ್ಲ ಧರ್ಮಪ್ರಾಂತ್ಯಗಳಲ್ಲಿ ಶ್ರೀಸಾಮಾನ್ಯ ವಿಶ್ವಾಸಿಗಳ ಅಭಿಪ್ರಾಯವನ್ನು ಕೇಳಬೇಕೆಂದು ಅಪ್ಪಣೆಯಾಯಿತು. ಹಾಗೆ ಏರ್ಪಟ್ಟ ಧರ್ಮಪ್ರಾಂತ್ಯ ಮಟ್ಟದ ಸಮಾಲೋಚನೆಯಲ್ಲಿ ನಾವೂ ಕುಳಿತಿದ್ದೆವು. ಅಲ್ಲಿಂದ ಮೇಲೇರಿದ ಮಾತು 2023ರ ಫೆಬ್ರವರಿಯಲ್ಲಿ ಬ್ಯಾಂಕಾಕಿನಲ್ಲಿ ಸೇರಿದ ಏಷ್ಯಾ ಖಂಡದ ಸಭೆಗೆ, ಅನಂತರ 2023 ಮತ್ತು 2024ರ ಅಕ್ಟೋಬರ್ ತಿಂಗಳುಗಳಲ್ಲಿ ರೋಮಿನಲ್ಲಿ ಸೇರಿದ ಮಹಾಸಭೆಗೆ ತಲುಪಿತು. ಆ ಮಹಾಸಭೆಯಲ್ಲಿ ಐವತ್ತಕ್ಕೂ ಹೆಚ್ಚು ಮಂದಿ ಸ್ತ್ರೀಯರು ಮತ ನೀಡಿದರು. ಸಿನೊಡ್‌ನ ಇತಿಹಾಸದಲ್ಲಿ ಇದೇ ಮೊದಲು. 2024ರ ಅಕ್ಟೋಬರ್ 26ರಂದು ಅಂತಿಮ ದಾಖಲೆ ಅಂಗೀಕೃತವಾಯಿತು. ಪೋಪ್ ಫ್ರಾನ್ಸಿಸ್‌ರವರು 2025ರ ಏಪ್ರಿಲ್ 21ರಂದು ದೈವಾಧೀನರಾದರು. ಮೇ 8ರಂದು ಚುನಾಯಿತರಾದ ಪೋಪ್ ಹದಿನಾಲ್ಕನೇ ಲಿಯೋರವರು ಅದೇ ಪಥದಲ್ಲಿ ಧರ್ಮಸಭೆಯನ್ನು ಮುನ್ನಡೆಸುತ್ತಿದ್ದಾರೆ.

ಸಭೆಯೆಂದರೆ ಹಾರ, ತುರಾಯಿ, ಉದ್ದುದ್ದ ಭಾಷಣ ಎಂಬುದು ನಮ್ಮೆಲ್ಲರ ಅನುಭವ. ಈ ಸಮಾಲೋಚನೆಗೆ ವಿಧಿಸಿದ್ದ ಕ್ರಮ ಬೇರೆಯಾಗಿತ್ತು. ಮೊದಲು ಪ್ರಾರ್ಥನೆ. ಬಳಿಕ ಪ್ರತಿಯೊಬ್ಬರೂ ಸರದಿಯಂತೆ ಮಾತನಾಡಬೇಕು, ಉಳಿದವರು ಕೇಳಬೇಕು. ನಡುವೆ ಬಾಯಿ ಹಾಕುವಂತಿಲ್ಲ, ವಾದ ಹೂಡುವಂತಿಲ್ಲ. ಅನಂತರ ಕೆಲಹೊತ್ತು ಮೌನ. ಎರಡನೆಯ ಸುತ್ತಿನಲ್ಲಿ ತನ್ನ ಮಾತನ್ನೇ ಮತ್ತೆ ಹೇಳದೆ, ಇತರರ ಮಾತಿನಲ್ಲಿ ತನ್ನ ಮನಸ್ಸನ್ನು ತಟ್ಟಿದ್ದು ಯಾವುದೆಂದು ಹೇಳಬೇಕು. ಇದಕ್ಕೆ ಪವಿತ್ರಾತ್ಮರಲ್ಲಿ ಸಂವಾದ ಎಂದು ಹೆಸರು. ಗುರುಮಠದಲ್ಲಿ ಹಲವು ವರ್ಷ ಬೋಧಿಸಲು ಕಲಿತುಬಂದ ನಮ್ಮಂಥವರಿಗೆ ಹೀಗೆ ಸುಮ್ಮನೆ ಕೇಳುತ್ತ ಕೂರುವುದು ಸುಲಭದ ಸಾಧನೆಯಲ್ಲ. ಆದರೆ ಧರ್ಮಸಭೆಯ ಭವಿಷ್ಯ ಈ ಸಾಧನೆಯ ಮೇಲೆಯೇ ನಿಂತಿದೆ ಎಂಬುದು ನಮ್ಮ ದೃಢವಾದ ಅಭಿಪ್ರಾಯ.

ಇದು ಹೊಸ ಪದ್ಧತಿಯೆಂದು ಯಾರೂ ಅಂಜಬೇಕಾಗಿಲ್ಲ. ಪ್ರೇಷಿತರ ಕಾರ್ಯಕಲಾಪಗಳ ಹದಿನೈದನೆಯ ಅಧ್ಯಾಯವನ್ನು ನೋಡಿರಿ. ಅಂತಿಯೋಕ್ಯದಲ್ಲಿ ಕ್ರಿಸ್ತರನ್ನು ವಿಶ್ವಾಸಿಸಿದ ಅನ್ಯಜನರು ಯೆಹೂದ್ಯರ ಸುನ್ನತಿಯನ್ನೂ ನೇಮಗಳನ್ನೂ ಕೈಗೊಳ್ಳಬೇಕೇ ಎಂಬ ವಿವಾದ ಹುಟ್ಟಿತು. ಪೌಲ, ಬಾರ್ನಬರು ಜೆರುಸಲೇಮಿಗೆ ಹೋದರು. ಪೇತ್ರರು ಮಾತನಾಡಿದರು, ಸಭೆ ಮೌನವಾಗಿ ಪೌಲ, ಬಾರ್ನಬರ ಮಾತನ್ನು ಆಲಿಸಿತು, ಕೊನೆಗೆ ಯಕೋಬರ ಸಲಹೆಯಂತೆ ಅಗತ್ಯಕ್ಕಿಂತ ಹೆಚ್ಚಿನ ಹೊರೆಯನ್ನು ಹೊಸಬರ ಮೇಲೆ ಹೊರಿಸಬಾರದೆಂದು ತೀರ್ಮಾನವಾಯಿತು. ಆ ಸಭೆ ಅಂತಿಯೋಕ್ಯದವರ ಮಾತಿಗೆ ಕಿವಿಗೊಡದೆ ಹೋಗಿದ್ದರೆ ಶುಭಸಂದೇಶವು ಕಾವೇರಿಯ ತೀರಕ್ಕೆ ಬರುತ್ತಿತ್ತೇ ಎಂದು ಯೋಚಿಸಿರಿ.

ನಮ್ಮ ನಾಡಿನಲ್ಲಿಯೂ ಇಂಥ ಒಂದು ಸಭೆ ನಡೆದಿದೆ. ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಮುಗಿದ ಮೇಲೆ, 1969ರ ಮೇ ತಿಂಗಳಲ್ಲಿ, ಬೆಂಗಳೂರಿನ ಧರ್ಮಾರಾಮ್ ಕಾಲೇಜಿನಲ್ಲಿ ‘ಇಂದಿನ ಭಾರತದಲ್ಲಿ ಧರ್ಮಸಭೆ’ ಎಂಬ ವಿಷಯವಾಗಿ ಅಖಿಲ ಭಾರತ ವಿಚಾರಗೋಷ್ಠಿ ಜರುಗಿತು. ಧರ್ಮಾಧ್ಯಕ್ಷರು, ಗುರುಗಳು, ಧರ್ಮಭಗಿನಿಯರು, ಶ್ರೀಸಾಮಾನ್ಯರು ಒಟ್ಟಿಗೆ ಕುಳಿತು ಚರ್ಚಿಸಿದರು. ಅದೇ ವರ್ಷ ಏಪ್ರಿಲಿನಲ್ಲಿ, ಭಾರತದ ಬಲಿಪೂಜೆಯಲ್ಲಿ ಕೈಮುಗಿಯುವುದು, ಆರತಿ ಎತ್ತುವುದು, ಎಣ್ಣೆದೀಪ ಹಚ್ಚುವುದು ಮೊದಲಾದ ಹನ್ನೆರಡು ಅಂಶಗಳಿಗೆ ರೋಮಿನಿಂದ ಸಮ್ಮತಿ ದೊರೆತಿತ್ತು. ಈ ಕಾರ್ಯಗಳ ಹಿಂದೆ ದುಡಿದ ಸ್ವಾಮಿ ಅಮಲೋರ್ಪವದಾಸರು ಮುಂದೆ ಮೈಸೂರಿಗೆ ಬಂದು, ವಿಶ್ವವಿದ್ಯಾನಿಲಯದಲ್ಲಿ ಕ್ರೈಸ್ತಧರ್ಮದ ಅಧ್ಯಯನವನ್ನು ಬೆಳೆಸಿ, ಚಾಮುಂಡಿ ಬೆಟ್ಟದ ಬುಡದಲ್ಲಿ ಅಂಜಲಿ ಆಶ್ರಮವನ್ನು ಸ್ಥಾಪಿಸಿದರು. ಇಂದು ಕೈಮುಗಿದು ದೇವರಿಗೆ ನಮಿಸುವುದು ನಮಗೆ ಸಹಜವಾಗಿ ಕಾಣುತ್ತದೆ. ಅಂದು ಇದಕ್ಕೆ ಬಲವಾದ ವಿರೋಧವಿದ್ದುದನ್ನು ಮರೆಯಬಾರದು.

ಈಗಿನ ಸಮಾಲೋಚನೆಯಲ್ಲಿ ಕೇಳಿಬಂದ ಪ್ರಶ್ನೆಗಳು ಬೇರೆ. 1900ರಲ್ಲಿ ಜಗತ್ತಿನ ಕ್ರೈಸ್ತರಲ್ಲಿ ಬಹುಪಾಲು ಜನರು ಯೂರೋಪು ಮತ್ತು ಉತ್ತರ ಅಮೆರಿಕದಲ್ಲಿದ್ದರು; ಇಂದು ಹೆಚ್ಚಿನವರು ಆಫ್ರಿಕ, ಏಷ್ಯಾ, ಲ್ಯಾಟಿನ್ ಅಮೆರಿಕಗಳಲ್ಲಿದ್ದಾರೆ. ಯೂರೋಪಿನಲ್ಲಿ ಚರ್ಚುಗಳು ಮುಚ್ಚುತ್ತಿವೆಯೆಂದು ಕೇಳಿ ನಮ್ಮಲ್ಲಿ ಕೆಲವರು ಹೆದರುತ್ತಾರೆ. ಸಂಖ್ಯೆಯೇ ಭವಿಷ್ಯವಾಗಿದ್ದರೆ ನಾವು ಎಂದೋ ಹೆದರಬೇಕಾಗಿತ್ತು. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಕ್ರೈಸ್ತರು ನೂರಕ್ಕೆ ಇಬ್ಬರೂ ಇಲ್ಲ. ಹಿಟ್ಟಿಗೆ ಹುಳಿ ಎಷ್ಟಿದ್ದರೆ ಸಾಕು ಎಂಬುದನ್ನು ಪ್ರಭುವೇ ಹೇಳಿದ್ದಾರೆ. ಚಿಂತಿಸಬೇಕಾದ ಸಂಗತಿ ಬೇರೆ ಇದೆ: ಇರುವವರಲ್ಲಿಯೇ ಎಷ್ಟು ಜನರ ಮಾತನ್ನು ನಾವು ಕೇಳುತ್ತಿದ್ದೇವೆ?

ದಲಿತ ಕ್ರೈಸ್ತರ ವಿಷಯವನ್ನೇ ತೆಗೆದುಕೊಳ್ಳಿರಿ. 1950ರ ರಾಷ್ಟ್ರಪತಿಗಳ ಆದೇಶದಿಂದಾಗಿ ಅವರಿಗೆ ಪರಿಶಿಷ್ಟ ಜಾತಿಯ ಸೌಲಭ್ಯಗಳಿಲ್ಲ. 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಅವು ದೊರೆತವು. ಸರ್ಕಾರದ ಮುಂದೆ ಈ ನ್ಯಾಯವನ್ನು ಕೇಳುವ ನಾವು, ನಮ್ಮೊಳಗೂ ಜಾತಿಭೇದ ಉಳಿದಿರುವುದನ್ನು ಒಪ್ಪಿಕೊಳ್ಳಬೇಕು. 2016ರ ಡಿಸೆಂಬರಿನಲ್ಲಿ ಭಾರತದ ಧರ್ಮಾಧ್ಯಕ್ಷರ ಮಂಡಳಿಯು ದಲಿತರ ಸಬಲೀಕರಣಕ್ಕಾಗಿ ನೀತಿಯೊಂದನ್ನು ಪ್ರಕಟಿಸಿ ಈ ಪಾಪವನ್ನು ಹೆಸರಿಸಿದೆ. ಒಂದೇ ಪರಮಪ್ರಸಾದವನ್ನು ಸ್ವೀಕರಿಸಿದವರು ಮದುವೆಯ ಮಾತು ಬಂದಾಗ ಕುಲ ಕೇಳುವುದಾದರೆ ಯಾವ ಸಿನೊಡ್ ತಾನೇ ನಮ್ಮನ್ನು ಕಾಪಾಡೀತು?

ಇನ್ನು ನಮ್ಮ ಬ್ಲಫ್‌ನ ಮಾತು. ಈ ಊರು ಶಿವನಸಮುದ್ರದ ವಿದ್ಯುದಾಗಾರದಿಂದ ಬೆಳೆದದ್ದು. 1902ರಲ್ಲಿ ಇಲ್ಲಿ ಹುಟ್ಟಿದ ವಿದ್ಯುತ್ತು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆಂದೇ ಹೋಗುತ್ತಿತ್ತು. 1905ರಲ್ಲಿ ಬೆಂಗಳೂರಿಗೆ ಬೆಳಕು ಕೊಟ್ಟಿತು. ಆ ಗಣಿಗಳು 2001ರಲ್ಲಿ ಮುಚ್ಚಿದವು. ಯಾರಿಗಾಗಿ ಕಟ್ಟಿದ್ದರೋ ಅವರೇ ಇಲ್ಲವಾದರೂ ವಿದ್ಯುದಾಗಾರ ನಿರರ್ಥಕವಾಗಲಿಲ್ಲ. ಬೇಕಾದವರಿಗೆ ಅದರ ಬೆಳಕು ಹರಿಯಿತು. ನಮ್ಮ ದೇವಾಲಯವನ್ನೂ ಹಾಗೆಯೇ ಕಾಣಬೇಕು. ಕೆಲಸಕ್ಕಾಗಿ ಬೇರೆ ಬೇರೆ ಊರುಗಳಿಂದ, ಬೇರೆ ಬೇರೆ ಮನೆಮಾತುಗಳೊಡನೆ ಬಂದವರು ಒಂದೇ ಪೀಠದ ಮುಂದೆ ಮಂಡಿಯೂರಿದರು. ಈಗ ನಿವೃತ್ತಿಯಾದೊಡನೆ ಕ್ವಾರ್ಟರ್ಸ್ ಬಿಟ್ಟು ಮಳವಳ್ಳಿಗೋ ಮೈಸೂರಿಗೋ ಹೋಗಬೇಕು. ಓದಿದ ಮಕ್ಕಳು ಬೆಂಗಳೂರು ಸೇರುತ್ತಾರೆ. ಭಾನುವಾರ ಬೆಂಚುಗಳು ತೆರವಾಗಿ ಕಾಣುತ್ತವೆ. “ಫಾದರ್, ಇನ್ನು ಎಷ್ಟು ವರ್ಷ?” ಎಂದು ನಿಮ್ಮಲ್ಲಿ ಹಲವರು ಕೇಳಿದ್ದೀರಿ. ವರ್ಷಗಳ ಲೆಕ್ಕ ದೇವರದು. ಈಗ ಯಾರಿಗಾಗಿ ಈ ದೇವಾಲಯ ಎಂಬ ಪ್ರಶ್ನೆಗೆ ಉತ್ತರ ನಮ್ಮ ಕೈಯಲ್ಲಿದೆ.

ಆದುದರಿಂದ ಮೂರು ಸಂಗತಿಗಳನ್ನು ನಿಮ್ಮ ಮುಂದಿಡುತ್ತೇವೆ. ಮೊದಲನೆಯದು, ಪಾಲನಾ ಸಮಿತಿ. 1983ರ ಧರ್ಮಸಭಾ ಕಾನೂನು ಪ್ರತಿ ಧರ್ಮಕೇಂದ್ರದಲ್ಲಿ ಹಣಕಾಸಿನ ಸಮಿತಿಯನ್ನು ಕಡ್ಡಾಯ ಮಾಡಿದೆ. ಪಾಲನಾ ಸಮಿತಿಯನ್ನು ಧರ್ಮಾಧ್ಯಕ್ಷರ ವಿವೇಚನೆಗೆ ಬಿಟ್ಟಿದೆ. ಇಂಥ ಸಮಿತಿಗಳೆಲ್ಲವೂ ಕಡ್ಡಾಯವಾಗಬೇಕೆಂದು 2024ರ ಸಿನೊಡ್ ಕೋರಿದೆ. ನಮ್ಮಲ್ಲಿ ಅದು ಹಬ್ಬದ ಪೆಂಡಾಲಿಗಷ್ಟೇ ಸೇರುವ ಸಮಿತಿಯಾಗಬಾರದು; ತಿಂಗಳಿಗೊಮ್ಮೆ ಸೇರಲಿ, ಅದರಲ್ಲಿ ಅರ್ಧದಷ್ಟು ತಾಯಂದಿರಿರಲಿ, ಯುವಜನರಿರಲಿ, ವರ್ಷದ ಲೆಕ್ಕಪತ್ರವನ್ನು ಬಲಿಪೂಜೆಯ ನಂತರ ಎಲ್ಲರೆದುರು ಓದಲಿ. ಎರಡನೆಯದು, ಚರ್ಚಿಗೆ ಬರದವರ ಮನೆಗೆ ನಾವು ಹೋಗುವುದು. ಏಕೆ ಬರಲಿಲ್ಲವೆಂದು ಗದರಿಸುವುದಕ್ಕಲ್ಲ. ಕುಳಿತು ಅವರ ಮಾತನ್ನು ಕೇಳುವುದಕ್ಕೆ. ಮೂರನೆಯದು, ನೆರೆಹೊರೆ. ಸುತ್ತಲಿನ ಹಳ್ಳಿಗಳ ಹಿಂದೂ, ಮುಸ್ಲಿಮ್ ಬಂಧುಗಳ ಕಷ್ಟಸುಖ ನಮ್ಮದೂ ಆಗಬೇಕು; ಅವರ ಮಕ್ಕಳ ಓದಿಗೆ, ಒಂಟಿಯಾದ ಮುದುಕರ ಆರೈಕೆಗೆ ಈ ದೇವಾಲಯದ ಬಾಗಿಲು ತೆರೆದಿರಬೇಕು.

ನೂರು ವರ್ಷಗಳ ಹಿಂದೆ ಈ ಬಂಡೆಯ ಅಂಚಿನಲ್ಲಿ ಪ್ರಾರ್ಥಿಸಿದವರು ನಮ್ಮನ್ನು ಕಂಡವರಲ್ಲ. ಆದರೂ ನಮಗಾಗಿ ದೀಪ ಹಚ್ಚಿಟ್ಟು ಹೋದರು. ಮುಂದೆ ಬರುವವರನ್ನು ನಾವೂ ಕಾಣುವುದಿಲ್ಲ. ಎರಡನೆಯ ಶತಮಾನಕ್ಕೆ ಕಾಲಿಡುತ್ತಿರುವ ಈ ಧರ್ಮಕೇಂದ್ರಕ್ಕೆ ಆಲಿಸುವ ಕಿವಿಯನ್ನೂ, ಆಲಿಸಿದ್ದನ್ನು ನಡೆಸುವ ಧೈರ್ಯವನ್ನೂ ಪವಿತ್ರಾತ್ಮರು ದಯಪಾಲಿಸಲಿ. ಮಾತೆ ಮರಿಯಮ್ಮನವರು ನಮಗಾಗಿ ಬಿನ್ನವಿಸಲಿ. ಸರ್ವಶಕ್ತ ದೇವರು ನಿಮ್ಮನ್ನೂ ನಿಮ್ಮ ಕುಟುಂಬಗಳನ್ನೂ ದೂರದೂರಿನಲ್ಲಿರುವ ನಿಮ್ಮ ಮಕ್ಕಳನ್ನೂ ಆಶೀರ್ವದಿಸಲಿ. ಆಮೆನ್.