ಹನ್ನೊಂದನೆಯ ಗಂಟೆ

ಇಂಗ್ಲಿಷಿನಲ್ಲಿ ‘ಅಟ್ ದಿ ಇಲೆವೆಂತ್ ಅವರ್’ ಎಂಬುದೊಂದು ನುಡಿಗಟ್ಟುಂಟು. ಕಟ್ಟಕಡೆಯ ಸಮಯದಲ್ಲಿ ಎಂದು ಅದರ ಅರ್ಥ. ನಾವು ಅದನ್ನು ಬಹುಮಟ್ಟಿಗೆ ಸೋಮಾರಿಗಳನ್ನು ಹಳಿಯುವುದಕ್ಕೇ ಬಳಸುತ್ತೇವೆ. ಅದರ ಮೂಲವಾದರೋ ಬೇರೆ ಮಾತನ್ನು ಹೇಳುತ್ತದೆ.

ಬೈಬಲಿನಲ್ಲಿ, ಮತ್ತಾಯನ ಸುವಾರ್ತೆಯ 20ನೆಯ ಅಧ್ಯಾಯದಲ್ಲಿ, ದ್ರಾಕ್ಷಿಯ ತೋಟದ ಯಜಮಾನನೊಬ್ಬನ ಕಥೆಯಿದೆ. ಅಲ್ಲಿ ಗಂಟೆಗಳ ಎಣಿಕೆ ಸೂರ್ಯೋದಯದಿಂದ. ನಮ್ಮ ಗಳಿಗೆಗಳ ಎಣಿಕೆಯೂ ಹಾಗೆಯೇ. ಆದುದರಿಂದ ಹನ್ನೊಂದನೆಯ ಗಂಟೆಯೆಂದರೆ ಸಂಜೆ ಸುಮಾರು ಐದು. ಹೊತ್ತು ಮುಳುಗಲು ಇನ್ನು ಎರಡೂವರೆ ಗಳಿಗೆ. ಆಗಲೂ ಪೇಟೆಯಲ್ಲಿ ಕೆಲವರು ನಿಂತಿದ್ದರು. ಏಕೆಂದು ಕೇಳಿದರೆ, ತಮ್ಮನ್ನು ಯಾರೂ ಕೂಲಿಗೆ ಕರೆಯಲಿಲ್ಲವೆಂದರು. ಯಜಮಾನನು ಅವರಿಗೂ ಇಡೀ ದಿನದ ಕೂಲಿಯನ್ನು ಕೊಟ್ಟನು.

ಬೀದರಿನ ಬಳಿಯ ಕೊಳಾರದಂತಹ ಊರಿನಲ್ಲಿ ಈ ಕಥೆಗೆ ಟೀಕೆ ಬೇಕಿಲ್ಲ. ಹೆಸರು ಉದ್ದುಗಳ ಕೊಯ್ಲಿನಲ್ಲಿ ಮಳೆಮೋಡ ಕವಿದರೆ, ಸಂಜೆ ಒದಗಿದ ಎರಡು ಕೈಗಳ ಬೆಲೆಯನ್ನು ರೈತನು ಬಲ್ಲನು.

ಊರು ಸೂರೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದರೆಂಬ ನಮ್ಮ ಗಾದೆ ಇದಕ್ಕೆ ಸಮಾನವೆನಿಸಬಹುದು; ಆದರೆ ಸಮಾನವಲ್ಲ. ಗಾದೆಯಲ್ಲಿ ಕಾಲ ಮೀರಿದೆ; ಹನ್ನೊಂದನೆಯ ಗಂಟೆಯಲ್ಲಿ ಇನ್ನೂ ಬೆಳಕಿದೆ. ತಡವಾಗಿ ಬಂದವನನ್ನು ಹಳಿಯುವ ಮುನ್ನ, ಬೆಳಿಗ್ಗೆ ಅವನನ್ನು ಯಾರಾದರೂ ಕರೆದಿದ್ದರೇ ಎಂದು ನಾವು ಕೇಳಿಕೊಳ್ಳಬೇಕು.