ನೋಡುವ ಕಣ್ಣಿಗೊಂದು ಕಮ್ಮಟ

(ಶಾಲಾ ಛಾಯಾಗ್ರಹಣ ಕಮ್ಮಟದಲ್ಲಿ ಮಾಡಿದ ಭಾಷಣ)



ಇಂದು ಮನೆಮನೆಯಲ್ಲೂ ಕ್ಯಾಮೆರಾ ಇದೆ. ನೋಡುವ ಕಣ್ಣಿಗೆ ಮಾತ್ರ ಶಿಕ್ಷಣ ಬೇಕು. ಶತಮಾನೋತ್ಸವದಲ್ಲಿ ಛಾಯಾಗ್ರಹಣ ಕಮ್ಮಟಕ್ಕೆ ನಾವು ಸ್ಥಾನವಿತ್ತದ್ದು ಇದಕ್ಕಾಗಿಯೇ.

ಹಗಲಿನ ಯಕ್ಷಗಾನದಲ್ಲಿ ಧೀಂಗಿಣವನ್ನು ಸೆಕೆಂಡಿನ 1/500 ಭಾಗದಲ್ಲಿ ಸೆರೆಹಿಡಿದರೆ ವೇಷವು ಗಾಳಿಯಲ್ಲಿ ನಿಶ್ಚಲವಾಗಿ ನಿಲ್ಲುತ್ತದೆ. 1/15ಕ್ಕೆ ಇಳಿಸಿದರೆ ಸುತ್ತುವ ವೇಗವೇ ಚಿತ್ರವಾಗುತ್ತದೆ. ಯಾವುದು ಬೇಕೆಂಬ ವಿವೇಕವನ್ನು ಯಂತ್ರ ಕೊಡಲಾರದು. ಒಂದೇ ವೇಷವನ್ನು ಹಲವು ಮಕ್ಕಳು ತೆಗೆದು, ಚಿತ್ರಗಳನ್ನು ಪಕ್ಕಪಕ್ಕದಲ್ಲಿರಿಸಿ ಬಲ್ಲವರೊಡನೆ ಚರ್ಚಿಸಿದಾಗ ಅದು ಮೂಡುತ್ತದೆ. ಬೆಳಕು ಎತ್ತಣಿಂದ ಬಂತು, ಚೌಕಟ್ಟಿನಲ್ಲಿ ಯಾವುದು ಹೆಚ್ಚಾಯಿತು ಎಂಬ ಪ್ರಶ್ನೆಗಳು ಒಂಟಿಯಾಗಿ ಕಲಿಯುವವನಿಗೆ ಸುಲಭವಾಗಿ ಹೊಳೆಯವು.

1956ರ ನವೆಂಬರ್ 1ರಂದು ನಮ್ಮ ಕಾಸರಗೋಡು ಕೇರಳಕ್ಕೆ ಸೇರಿತು. ಪಾರ್ತಿಸುಬ್ಬನ ಈ ನೆಲದಲ್ಲಿ ಹಳೆಯ ಅಂಗಡಿಯೊಂದರ ಕನ್ನಡ ನಾಮಫಲಕ ಹೊಸ ಬಣ್ಣ ಬಳಿದೊಡನೆ ಮರೆಯಾಗಬಹುದು. ಅಂಥವನ್ನು ತೆಗೆದು, ಸ್ಥಳ, ದಿನಾಂಕ, ಹೆಸರುಗಳನ್ನು ಕನ್ನಡದಲ್ಲಿಯೇ ಬರೆದಿಡುವುದು ಕಮ್ಮಟದ ಎರಡನೆಯ ಪಾಠ. ವಿವರವಿಲ್ಲದ ಚಿತ್ರ ಮುಂದಿನ ತಲೆಮಾರಿಗೆ ಮೂಕವಾಗುತ್ತದೆ.

ಪೋಷಕರಲ್ಲಿ ನಮ್ಮ ವಿನಂತಿಯಿಷ್ಟೆ: ದುಬಾರಿ ಕ್ಯಾಮೆರಾ ಬೇಡ, ಮಕ್ಕಳನ್ನು ಕಮ್ಮಟಕ್ಕೆ ಕಳುಹಿಸಿರಿ. ಮನೆಯ ಹಳೆಯ ಚಿತ್ರಗಳಲ್ಲಿರುವವರ ಹೆಸರುಗಳನ್ನು ಅಜ್ಜ ಅಜ್ಜಿಯರಿಂದ ಕೇಳಿ ಬರೆದುಕೊಳ್ಳಲು ಇಂದೇ ಹೇಳಿರಿ.