ಪೆಟ್ಟಿಗೆ ಬರೆಯುವವರಿಗೆ

ಚಿತ್ರಕಲೆ ಕಲಿಯಹೊರಟವರ ಮೊದಲ ಪೆಟ್ಟಿಗೆ ಸೊಟ್ಟಗಾಗುವುದು ಸಹಜ. ಅನೇಕರು ಕೈಯನ್ನು ಹಳಿದು ಅಲ್ಲಿಗೇ ಪೆನ್ಸಿಲನ್ನು ಕೆಳಗಿಡುತ್ತಾರೆ. ಕೈಯನ್ನು ದೂರಲು ನಾನು ಒಪ್ಪಲಾರೆ. ಅಂಚುಗಳು ಸಮಾನಾಂತರವೆಂದು ಬುದ್ಧಿ ಬಲ್ಲದು. ದೂರ ಸರಿದಂತೆ ಅವು ಒಂದನ್ನೊಂದು ಸಮೀಪಿಸುವುದನ್ನು ಕಣ್ಣು ಕಾಣುತ್ತದೆ. ಕೈ ಪಾಪ, ಬುದ್ಧಿಯ ಮಾತನ್ನೇ ಕೇಳುತ್ತದೆ.

ಈ ವ್ಯಾಜ್ಯಕ್ಕೆ ಇಟಲಿಯ ಫ್ಲಾರೆನ್ಸಿನಲ್ಲಿ ಬ್ರುನೆಲೆಸ್ಕಿ ಪ್ರಯೋಗದಿಂದ ಪರಿಹಾರ ತೋರಿದ. 1435ರಲ್ಲಿ ಆಲ್ಬರ್ಟಿ ಅದನ್ನು ಶಾಸ್ತ್ರವಾಗಿ ಬರೆದಿಟ್ಟ. ಮೇಜಿನ ಮೇಲೆ ನಮಗೆ ಮುಖಮಾಡಿ ಇಟ್ಟ ಪೆಟ್ಟಿಗೆಯಲ್ಲಿ ಹಿಂದಕ್ಕೆ ಸರಿಯುವ ಅಂಚುಗಳನ್ನು ಬೆಳೆಸಿದರೆ, ಅವೆಲ್ಲ ಕಣ್ಣಿನ ಮಟ್ಟದ ಒಂದೇ ಬಿಂದುವಿನಲ್ಲಿ ಕೂಡಬೇಕು.

ಕಲಿಯುವವರಲ್ಲಿ ನನ್ನ ಬಿನ್ನಹವಿಷ್ಟೆ: ಬರೆದುದನ್ನು ಅಳಿಸಬೇಡಿ. ಅಳತೆಪಟ್ಟಿಯಿಟ್ಟು ಅಂಚುಗಳನ್ನು ಮುಂದಕ್ಕೆಳೆದು, ಯಾವುದು ದಾರಿ ತಪ್ಪಿತೆಂದು ನೋಡಿ, ಪಕ್ಕದಲ್ಲೇ ಮತ್ತೊಂದನ್ನು ಬರೆಯಿರಿ. ಕಣ್ಣನ್ನು ನಂಬಲು ಕೈ ಹೀಗೆಯೇ ಕಲಿಯುತ್ತದೆ.